ವೃಷಣಸಿರಾವೃದ್ಧಿಯ ಶಸ್ತ್ರಚಿಕಿತ್ಸೆ: ಎಡೆದೊರೆಯ ಮೂರು ಊರುಗಳಿಂದ ಒಂದು ನೋಟ

೧

ಕೃಷ್ಣಾ ತುಂಗಭದ್ರೆಗಳ ನಡುವಣ ನಾಡನ್ನು ನಮ್ಮ ಶಾಸನಗಳು ಎಡೆದೊರೆ ಎಂದು ಕರೆದಿವೆ. ಈ ನಾಡಿನ ಸಿಂಧನೂರು, ಮಸ್ಕಿ, ಲಿಂಗಸುಗೂರುಗಳು ಒಂದೇ ಹೆದ್ದಾರಿಯ ಮೇಲೆ ಸಾಲಾಗಿ ನಿಂತ ಊರುಗಳು. ಇವುಗಳನ್ನು ಕುರಿತು ಇತಿಹಾಸಕಾರರು ಬರೆದುದು ಕಡಿಮೆಯೇನಲ್ಲ. ೧೯೧೫ರಲ್ಲಿ ಮಸ್ಕಿಯಲ್ಲಿ ದೊರೆತ ಬಂಡೆಯ ಬರಹದಿಂದ ದೇವಾನಾಂಪ್ರಿಯನೆಂಬ ಅರಸು ಅಶೋಕನೇ ಎಂಬ ಸಂಗತಿ ಸ್ಥಿರಪಟ್ಟಿತು. ಲಿಂಗಸುಗೂರು ಹೈದರಾಬಾದು ಕಂಟಿಂಜಂಟ್ ದಂಡಿನ ಛಾವಣಿಯಾಗಿದ್ದಿತು. ೧೯೦೫ರವರೆಗೆ ಒಂದು ಜಿಲ್ಲೆಗೆ ತನ್ನ ಹೆಸರನ್ನೂ ಕೊಟ್ಟಿದ್ದಿತು. ಸಿಂಧನೂರಿನ ಒಣನೆಲ ತುಂಗಭದ್ರೆಯ ಎಡದಂಡೆ ಕಾಲುವೆಯ ನೀರಿನಿಂದ ಬತ್ತದ ಬಯಲಾಯಿತು. ಅರಸರ ಇತಿಹಾಸ, ದಂಡಿನ ಇತಿಹಾಸ, ನೀರಿನ ಇತಿಹಾಸ ಇವುಗಳಿಗೆ ಸಂದ ಗಮನ ಈ ನೆಲದ ಜನರ ಮೈಯ ಇತಿಹಾಸಕ್ಕೆ ಸಂದಿಲ್ಲ. ಅದರಲ್ಲಿಯೂ ಹೇಳುವವನು ನಾಚುವ, ಕೇಳುವವನು ಸಂಕೋಚಪಡುವ ರೋಗಗಳನ್ನು ನಾವು ವೈದ್ಯರಿಗೇ ಬಿಟ್ಟುಕೊಟ್ಟು ಸುಮ್ಮನಿದ್ದೇವೆ.

ಅಂತಹ ಒಂದು ರೋಗವೂ ಅದರ ಶಸ್ತ್ರಚಿಕಿತ್ಸೆಯೂ ಪ್ರಸ್ತುತ ಲೇಖನದ ವಿಷಯ. ವೃಷಣದಿಂದ ರಕ್ತವನ್ನು ಮೇಲಕ್ಕೆ ಒಯ್ಯುವ ಸಿರೆಗಳು ಊದಿ, ತಿರುಚಿಕೊಂಡು, ಚೀಲದೊಳಗೆ ಹುಳುಗಳ ಮುದ್ದೆಯಂತೆ ಕೈಗೆ ತಾಕುವ ಸ್ಥಿತಿಯನ್ನು ವೈದ್ಯರು ವೆರಿಕೋಸೀಲ್ ಎನ್ನುತ್ತಾರೆ. ವೃಷಣಸಿರಾವೃದ್ಧಿ ಎಂಬುದು ನಾವು ಇಲ್ಲಿ ಬಳಸುವ ಪದ. ಜನರ ಮಾತಿನಲ್ಲಿ ಇದಕ್ಕೆ ಪ್ರತ್ಯೇಕವಾದ ಹೆಸರಿಲ್ಲ. ಆ ಭಾಗದ ಊತಗಳೆಲ್ಲ ಅಂಡವಾಯುವಿನ ಲೆಕ್ಕಕ್ಕೆ ಸೇರುತ್ತವೆ. ಡಾಕ್ಟರನ್ನು ಕಂಡು ಬಂದವನು 'ನರ ಊದ್ಯಾವಂತ' ಎನ್ನುತ್ತಾನೆ. ಪಠ್ಯಪುಸ್ತಕದಲ್ಲಿ ನರವೆಂದರೆ ಸಂವೇದನೆಯ ತಂತು, ರಕ್ತದ ಕೊಳವೆಯಲ್ಲ. ಆದರೆ ಮೊಣಕೈಯ ಮೇಲೆ ಎದ್ದು ಕಾಣುವ ಸಿರೆಯನ್ನೂ ನರವೆಂದೇ ಕರೆಯುವ ಜನಕ್ಕೆ ಈ ಭೇದ ಬೇಕಾಗಿಲ್ಲ. ಈ ಪದದ ಗೊಂದಲ ನಿರಪಾಯಕರವೇನೂ ಅಲ್ಲ. ನರ ಕತ್ತರಿಸುತ್ತಾರೆ ಎಂಬ ಮಾತು ಗಂಡಸಿನ ಕಿವಿಗೆ ಬಿದ್ದೊಡನೆ ಅವನಿಗೆ ತೋರುವ ಅರ್ಥ ಗಂಡಸ್ತನ ಹೋಗುತ್ತದೆ ಎಂಬುದು.

ನೂರು ಮಂದಿ ಗಂಡಸರಲ್ಲಿ ಸುಮಾರು ೧೫ ಮಂದಿಗೆ ಈ ಸಿರಾವೃದ್ಧಿ ಇರುತ್ತದೆ. ಅವರಲ್ಲಿ ಬಹುಮಂದಿಗೆ ಅದರಿಂದ ಬಾಧೆಯಿಲ್ಲ; ಅವರಿಗೆ ಮಕ್ಕಳೂ ಆಗುತ್ತವೆ. ಆದರೆ ಸಂತಾನವಿಲ್ಲವೆಂದು ಪರೀಕ್ಷೆಗೆ ಬಂದ ಗಂಡಸರಲ್ಲಿ ಇದರ ಪ್ರಮಾಣ ನೂರಕ್ಕೆ ೩೫ರಿಂದ ೪೦. ಹೀಗಾಗಿ ಈ ರೋಗದ ಇತಿಹಾಸವು ಸಿರೆಗಳ ಇತಿಹಾಸವಾಗಿ ಮುಗಿಯುವುದಿಲ್ಲ. ಮಕ್ಕಳಾಗದುದಕ್ಕೆ ಹೊಣೆಗಾರರು ಯಾರೆಂಬ ತೀರ್ಮಾನದ ಇತಿಹಾಸವೂ ಆಗುತ್ತದೆ. ಕನ್ನಡದಲ್ಲಿ ಬಂಜೆ ಎಂಬ ಪದವುಂಟು. ಸಂಸ್ಕೃತದ ವಂಧ್ಯೆಯಿಂದ ಬಂದ ಈ ಪದ ವಚನಗಳಲ್ಲಿಯೂ ಗರತಿಯ ಹಾಡುಗಳಲ್ಲಿಯೂ ಗಾದೆಗಳಲ್ಲಿಯೂ ಬಳಕೆಯಾಗಿ ಸವೆದಿದೆ. ಗಂಡಸಿಗೆ ಇದಕ್ಕೆ ಸಮನಾದ ಪದ ಲೋಕವ್ಯವಹಾರದಲ್ಲಿಲ್ಲ. ಷಂಡ ಎಂಬುದು ಕೂಡಲಾರದವನ ಹೆಸರು. ಕೂಡಬಲ್ಲವನಾಗಿಯೂ ಬೀಜದಲ್ಲಿ ಸತ್ತ್ವವಿಲ್ಲದವನ ಹೆಸರಲ್ಲ. ಭಾಷೆಯಲ್ಲಿ ಹೆಸರಿಲ್ಲದ ದೋಷವನ್ನು ಹುಡುಕಲು ಯಾರೂ ಹೊರಡುವುದಿಲ್ಲ. ಮಗುವಿಲ್ಲದ ಮನೆಯಲ್ಲಿ ಹರಕೆ, ಔಷಧ, ಪರೀಕ್ಷೆ ಎಲ್ಲವೂ ಹೆಂಗಸಿನ ಪಾಲಿಗೆ ಬಂದು, ಕೊನೆಗೆ ಗಂಡಸಿಗೆ ಎರಡನೆಯ ಮದುವೆಯಾಗುವುದು ನಮ್ಮ ಹಳ್ಳಿಗಳಲ್ಲಿ ಹಳೆಯ ಕಥೆ. ಎರಡನೆಯವಳಿಗೂ ಮಕ್ಕಳಾಗದಿದ್ದಾಗ ಜನ ಅವಳನ್ನೂ ಅದೇ ಹೆಸರಿನಿಂದ ಕರೆದರೇ ಹೊರತು ಲೆಕ್ಕವನ್ನು ಮರಳಿ ನೋಡಲಿಲ್ಲ.

೨

ಮಸ್ಕಿಯ ಮಾತು ಬಂದಾಗ ಒಂದು ತಪ್ಪನ್ನು ತಿದ್ದಿ ಮುಂದುವರಿಯುವುದು ಲೇಸು. ಅಶೋಕನು ಮನುಷ್ಯಚಿಕಿತ್ಸೆ, ಪಶುಚಿಕಿತ್ಸೆಗಳೆರಡನ್ನೂ ಏರ್ಪಡಿಸಿದುದನ್ನು ಮಸ್ಕಿಯ ಶಾಸನ ಹೇಳುತ್ತದೆ ಎಂದು ವಿದ್ಯಾರ್ಥಿಗಳು ಉತ್ತರಪತ್ರಿಕೆಗಳಲ್ಲಿ ಬರೆಯುವುದುಂಟು. ಆ ಮಾತು ಇರುವುದು ಅವನ ಎರಡನೆಯ ಹಿರಿಯ ಬಂಡೆಶಾಸನದಲ್ಲಿ. ಮಸ್ಕಿಯದು ಕಿರಿಯ ಬಂಡೆಶಾಸನ. ಅದರಲ್ಲಿ ವೈದ್ಯದ ಪ್ರಸ್ತಾಪವಿಲ್ಲ. ಹಿರಿಯ ಶಾಸನಗಳನ್ನು ನೋಡಬೇಕಾದರೆ ತುಂಗಭದ್ರೆಯನ್ನು ದಾಟಿ ಕರ್ನೂಲು ಸೀಮೆಯ ಎರ್ರಗುಡಿಗೆ ಹೋಗಬೇಕು.

ಸುಶ್ರುತಸಂಹಿತೆಯ ನಿದಾನಸ್ಥಾನದ ೧೨ನೆಯ ಅಧ್ಯಾಯ ವೃದ್ಧಿರೋಗವನ್ನು ವರ್ಣಿಸುತ್ತದೆ. ಕೆರಳಿದ ದೋಷವು ಕೆಳಕ್ಕೆ ಇಳಿದು, ವೃಷಣಕೋಶಕ್ಕೆ ಹೋಗುವ ಧಮನಿಗಳನ್ನು ಹೊಕ್ಕು, ಕೋಶವನ್ನು ಊದಿಸುತ್ತದೆ ಎಂಬುದು ಅಲ್ಲಿಯ ವಿವರಣೆ. ವಾತ, ಪಿತ್ತ, ಕಫ, ರಕ್ತ, ಮೇದಸ್ಸು, ಮೂತ್ರ, ಅಂತ್ರ ಎಂದು ವೃದ್ಧಿಗಳು ಏಳು. ಇವುಗಳಲ್ಲಿ ಮೂತ್ರವೃದ್ಧಿಯನ್ನು ಇಂದಿನ ಹೈಡ್ರೊಸೀಲಿಗೂ ಅಂತ್ರವೃದ್ಧಿಯನ್ನು ಹರ್ನಿಯಾಕ್ಕೂ ಹೋಲಿಸುವುದು ಸುಲಭ. ನಮ್ಮ ಸಿರಾವೃದ್ಧಿಯನ್ನು ಈ ಏಳರಲ್ಲಿ ಒಂದೆಂದು ಬೆರಳಿಟ್ಟು ತೋರಿಸುವುದು ಅಷ್ಟು ಸುಲಭವಲ್ಲ. ಹಾಗೆ ತೋರಿಸುವವರ ಉತ್ಸಾಹವನ್ನು ಮೆಚ್ಚಬಹುದೇ ಹೊರತು ವಾದವನ್ನು ಒಪ್ಪಲಾಗದು. ಆದರೂ ರೋಗದ ಮೂಲವನ್ನು ಕೋಶದಲ್ಲಿ ಹುಡುಕದೆ ಕೋಶಕ್ಕೆ ಹೋಗುವ ನಾಳಗಳಲ್ಲಿ ಹುಡುಕಿದುದು ಗಮನಿಸತಕ್ಕ ಸಂಗತಿ. ಮೂತ್ರವೃದ್ಧಿಯ ನೀರನ್ನು ವ್ರೀಹಿಮುಖವೆಂಬ ಶಸ್ತ್ರದಿಂದ ಚುಚ್ಚಿ, ನಳಿಗೆಯಿಂದ ಹೊರಗೆ ತೆಗೆಯುವ ವಿಧಾನವೂ ಚಿಕಿತ್ಸಾಸ್ಥಾನದಲ್ಲಿ ಹೇಳಿದೆ.

ಕನ್ನಡ ವೈದ್ಯಗ್ರಂಥಗಳ ಪರಂಪರೆಯೂ ಹಳೆಯದೇ. ಚಾಲುಕ್ಯಕುಲದ ಕೀರ್ತಿವರ್ಮನ ಗೋವೈದ್ಯ, ಜಗದ್ದಳ ಸೋಮನಾಥನ ಕರ್ಣಾಟಕ ಕಲ್ಯಾಣಕಾರಕ, ಮಂಗರಾಜನ ಖಗೇಂದ್ರಮಣಿದರ್ಪಣ ಇವು ೧೨ನೆಯ ಶತಮಾನದಿಂದ ೧೪ನೆಯ ಶತಮಾನದವರೆಗಿನ ಕೃತಿಗಳು. ಇವುಗಳ ಒಲವು ಔಷಧದ ಕಡೆಗೆ, ಶಸ್ತ್ರದ ಕಡೆಗಲ್ಲ.

ಈ ರೋಗವನ್ನು ಸಂದೇಹಕ್ಕೆ ಎಡೆಯಿಲ್ಲದಂತೆ ಗುರುತಿಸಿದವನು ಕ್ರಿಸ್ತಶಕ ಒಂದನೆಯ ಶತಮಾನದ ರೋಮಿನ ಲೇಖಕ ಸೆಲ್ಸಸ್. ವೃಷಣದ ಮೇಲೆ ಸಿರೆಗಳು ಊದಿ ತಿರುಚಿಕೊಳ್ಳುತ್ತವೆ, ಆ ಕಡೆಯ ವೃಷಣ ಪೋಷಣೆ ತಪ್ಪಿ ಇನ್ನೊಂದಕ್ಕಿಂತ ಸಣ್ಣದಾಗುತ್ತದೆ ಎಂದು ಅವನು ಹೇಳುತ್ತಾನೆ. ಇಂದಿನ ವೈದ್ಯನು ಎರಡು ವೃಷಣಗಳ ಗಾತ್ರವನ್ನು ಅಳೆದು ನೋಡುವುದೂ ಇದೇ ಕಾರಣದಿಂದ. ಸೆಲ್ಸಸನ ಚಿಕಿತ್ಸೆ ಮಾತ್ರ ಕಠೋರವಾದುದು. ಮೇಲಿನ ಸಿರೆಗಳನ್ನು ಕಾಯಿಸಿದ ಮೊನಚು ಕಬ್ಬಿಣದಿಂದ ಸುಡುವುದು, ಒಳಗಿನವನ್ನು ತೊಡೆಸಂದಿನಲ್ಲಿ ಕೊಯ್ದು ಕಟ್ಟಿ ತೆಗೆಯುವುದು, ಅದಕ್ಕೂ ಒಳಗಾದರೆ ವೃಷಣವನ್ನೇ ತೆಗೆದುಬಿಡುವುದು.

೩

೧೮೫೩ರ ಒಪ್ಪಂದದಂತೆ ನಿಜಾಮನು ಕಂಟಿಂಜಂಟ್ ದಂಡಿನ ವೆಚ್ಚಕ್ಕಾಗಿ ರಾಯಚೂರು ದೋಆಬನ್ನು ಇಂಗ್ಲಿಷರ ಆಡಳಿತಕ್ಕೆ ವಹಿಸಿದನು; ೧೮೬೦ರಲ್ಲಿ ಅದು ಅವನಿಗೆ ಮರಳಿ ಬಂದಿತು. ಲಿಂಗಸುಗೂರಿನಲ್ಲಿ ಊರು ಬೇರೆ, ಛಾವಣಿ ಬೇರೆ ಎಂಬ ಭೇದ ಇಂದಿಗೂ ಜನರ ಮಾತಿನಲ್ಲಿ ಉಳಿದಿದೆ. ದಂಡಿನ ವೈದ್ಯನಿಗೆ ನಮ್ಮ ರೋಗದ ಪರಿಚಯ ಚೆನ್ನಾಗಿದ್ದಿತು. ಹತ್ತೊಂಬತ್ತನೆಯ ಶತಮಾನದ ಬ್ರಿಟಿಷ್ ಸೇನಾವೈದ್ಯದಲ್ಲಿ ಸಿಪಾಯಿಯ ಭರತಿಗೆ ಬಂದವನನ್ನು ತಿರಸ್ಕರಿಸಲು ಇದ್ದ ಕಾರಣಗಳಲ್ಲಿ ವೆರಿಕೋಸೀಲ್ ಒಂದು. ಸಂತಾನದ ಚಿಂತೆ ಅಲ್ಲಿ ಇರಲಿಲ್ಲ. ದೀರ್ಘಕಾಲ ನಿಂತು ನಡೆಯಬೇಕಾದವನಿಗೆ ಆ ಭಾರ ಮತ್ತು ನೋವು ಅಡ್ಡಿಯಾಗುತ್ತವೆ ಎಂಬುದಷ್ಟೇ. ಈ ಕಾರಣ ಇನ್ನೂ ಕಳೆದಿಲ್ಲ. ಸೇನೆಯ ಭರತಿಯಲ್ಲಿ ಓಟ ಗೆದ್ದ ತರುಣನು ವೈದ್ಯಪರೀಕ್ಷೆಯಲ್ಲಿ ಈ ಹೆಸರನ್ನು ಮೊದಲ ಸಲ ಕೇಳಿ, ಮರುಪರೀಕ್ಷೆಯೊಳಗೆ ಶಸ್ತ್ರಚಿಕಿತ್ಸೆ ಮಾಡಿಸಿಕೊಳ್ಳಲು ಓಡಾಡುವುದು ಈಗಲೂ ನಡೆಯುತ್ತಿದೆ. ಮದುವೆಯಾಗದ ಹುಡುಗನೊಬ್ಬ ಈ ಭಾಗವನ್ನು ವೈದ್ಯನಿಗೆ ತೋರಿಸುವ ಸಂದರ್ಭ ನಮ್ಮಲ್ಲಿ ಬಹುಶಃ ಇದೊಂದೇ.

ಆ ಶತಮಾನದ ಚಿಕಿತ್ಸೆಯೇನೋ ಹಿಂಜರಿಕೆಯಿಂದ ಕೂಡಿತ್ತು. ಚೀಲವನ್ನು ಎತ್ತಿ ಹಿಡಿಯುವ ಪಟ್ಟಿ ಸಾಮಾನ್ಯ ಪರಿಹಾರ. ಲಂಡನ್ನಿನ ಆಸ್ಟ್ಲಿ ಕೂಪರನು ಚೀಲದ ಜೋಲುಚರ್ಮದ ಒಂದು ಭಾಗವನ್ನೇ ಕತ್ತರಿಸಿ ತೆಗೆದು, ಉಳಿದುದು ತಾನೇ ಪಟ್ಟಿಯಾಗಲೆಂದು ಯೋಚಿಸಿದನು. ಕೊಯ್ದ ಗಾಯ ಕೀವಾಗಿ ಪ್ರಾಣಕ್ಕೆ ಬರುತ್ತಿದ್ದ ಕಾಲದಲ್ಲಿ ಒಳಗಿನ ಸಿರೆಗೆ ಕೈಹಾಕಲು ಅಂಜಿದುದು ಸಹಜವೇ. ೧೮೬೭ರಲ್ಲಿ ಲಿಸ್ಟರನು ಪ್ರಕಟಿಸಿದ ಕ್ರಿಮಿನಾಶಕ ವಿಧಾನ ಈ ಅಂಜಿಕೆಯನ್ನು ತಗ್ಗಿಸಿತು.

ಇನ್ನೊಂದು ಭಯ ಅರಿವಳಿಕೆಯದು. ಈ ವಿಷಯದಲ್ಲಿ ನಮ್ಮ ಸೀಮೆಯನ್ನು ಆಳಿದ ಹೈದರಾಬಾದು ಜಗತ್ತಿನ ವೈದ್ಯಚರಿತ್ರೆಯಲ್ಲಿ ಹೆಸರು ಪಡೆದಿದೆ. ಅಲ್ಲಿ ೧೮೪೬ರಲ್ಲಿಯೇ ವೈದ್ಯಶಾಲೆ ಸ್ಥಾಪಿತವಾಗಿದ್ದಿತು. ಅದರ ಮುಖ್ಯಸ್ಥನಾಗಿದ್ದ ಎಡ್ವರ್ಡ್ ಲಾರಿಯು ನಿಜಾಮನ ಧನಸಹಾಯದಿಂದ ೧೮೮೮ ಮತ್ತು ೧೮೮೯ರಲ್ಲಿ ಎರಡು ಕ್ಲೋರೋಫಾರ್ಮು ಆಯೋಗಗಳನ್ನು ನಡೆಸಿದನು. ಎರಡನೆಯದಕ್ಕೆ ಲಂಡನ್ನಿನಿಂದ ಲಾಡರ್ ಬ್ರಂಟನ್ ಬಂದು ಸೇರಿದನು. ಕ್ಲೋರೋಫಾರ್ಮು ಹೃದಯವನ್ನು ನೇರವಾಗಿ ನಿಲ್ಲಿಸದು, ಉಸಿರಾಟವನ್ನು ನೋಡಿಕೊಂಡರೆ ಸಾಕು ಎಂಬುದು ಆಯೋಗದ ನಿರ್ಣಯ. ೧೯೧೧ರಲ್ಲಿ ಲೆವಿಯ ಪ್ರಯೋಗಗಳು ಅದನ್ನು ಅಲ್ಲಗಳೆದವು. ನಿರ್ಣಯ ತಪ್ಪಾದರೂ ಅರಿವಳಿಕೆಯನ್ನು ಕೊಡುವವನೂ ಶಸ್ತ್ರವೈದ್ಯನಷ್ಟೇ ಮುಖ್ಯನೆಂಬ ವಿಚಾರಕ್ಕೆ ಹೈದರಾಬಾದಿನ ಪ್ರಯೋಗಗಳು ಬಲಕೊಟ್ಟವು. ಈ ಮಾತನ್ನು ನೆನಪಿನಲ್ಲಿಟ್ಟುಕೊಂಡರೆ ಮುಂದೆ ಉಪಯೋಗಕ್ಕೆ ಬರುತ್ತದೆ.

೪

ಹೈದರಾಬಾದಿನ ಎರಡನೆಯ ಆಯೋಗ ಕುಳಿತ ೧೮೮೯ರಲ್ಲಿಯೇ ಲಂಡನ್ನಿನ ವಿಲಿಯಂ ಬೆನೆಟ್ಟನು, ಸಿರಾವೃದ್ಧಿಯನ್ನು ಗುಣಪಡಿಸಿದ ಅನಂತರ ರೋಗಿಯ ವೀರ್ಯದ ಗುಣವೂ ಸುಧಾರಿಸಿತೆಂದು ವರದಿಮಾಡಿದನು. ಅದಕ್ಕೆ ಕೂಡಲೇ ಮನ್ನಣೆ ದೊರೆಯಲಿಲ್ಲ. ಮುಂದಿನ ಹೆಜ್ಜೆ ಬಿದ್ದುದು ದಕ್ಷಿಣ ಅಮೆರಿಕದಲ್ಲಿ. ೧೯೧೮ರಲ್ಲಿ ಬ್ಯೂನಸ್ ಐರಿಸ್ಸಿನ ಇವಾನಿಸ್ಸೆವಿಚ್ಚನು ಗ್ರೆಗೊರಿನಿಯೊಡನೆ ಒಂದು ಹೊಸ ಶಸ್ತ್ರಕ್ರಿಯೆಯನ್ನು ಪ್ರಕಟಿಸಿದನು. ಊದಿದ ಸಿರೆಗಳ ಗಂಟನ್ನು ಕೆಳಗೆ ಕೀಳುವುದರ ಬದಲು, ಅವೆಲ್ಲ ಒಂದೆರಡಾಗಿ ಕೂಡಿಕೊಂಡು ಮೇಲೇರುವ ಎಡೆಯಲ್ಲಿ, ತೊಡೆಸಂದಿನ ಮೇಲ್ಭಾಗದಲ್ಲಿ, ಕಟ್ಟಬೇಕೆಂಬುದು ಅವನ ಸೂತ್ರ. ಕಾಲುವೆಯ ನೀರು ಹೊಲಕ್ಕೆ ನುಗ್ಗಿದರೆ ಹೊಲದಲ್ಲಿ ಒಡ್ಡು ಹಾಕುವುದಕ್ಕಿಂತ ತೂಬನ್ನು ಮುಚ್ಚುವುದು ಮೇಲೆಂದು ಸಿಂಧನೂರಿನ ರೈತನಿಗೆ ಯಾರೂ ಕಲಿಸಬೇಕಾಗಿಲ್ಲ. ಇವಾನಿಸ್ಸೆವಿಚ್ಚನು ೧೯೬೦ರಲ್ಲಿ ತನ್ನ ೪೨ ವರ್ಷಗಳ ೪,೪೭೦ ಶಸ್ತ್ರಕ್ರಿಯೆಗಳ ಅನುಭವವನ್ನು ಪ್ರಕಟಿಸಿದನು. ಈ ನಡುವೆ ೧೯೪೯ರಲ್ಲಿ ಗ್ವಾಟೆಮಾಲಾದ ಪಲೋಮೊ ಇನ್ನೂ ಮೇಲಕ್ಕೆ ಹೋಗಿ, ಉದರಪೊರೆಯ ಹಿಂಬದಿಯಲ್ಲಿ, ಧಮನಿಯನ್ನೂ ಸೇರಿಸಿ ಕಟ್ಟುವ ಕ್ರಮವನ್ನು ಸೂಚಿಸಿದನು.

ಹತ್ತರಲ್ಲಿ ಒಂಬತ್ತು ಪಾಲು ರೋಗ ಎಡಗಡೆ ಕಾಣುವುದೇಕೆ? ಬಲವೃಷಣದ ಸಿರೆ ಹೊಟ್ಟೆಯೊಳಗಿನ ಮಹಾಸಿರೆಯನ್ನು ಓರೆಯಾಗಿ ನೇರ ಸೇರುತ್ತದೆ. ಎಡದ್ದು ಅದಕ್ಕಿಂತ ಉದ್ದವಾಗಿ ಬೆಳೆದು, ಎಡ ಮೂತ್ರಪಿಂಡದ ಸಿರೆಯನ್ನು ಲಂಬಕೋನದಲ್ಲಿ ಸೇರುತ್ತದೆ. ಒಳಗಿನ ಕವಾಟಗಳು ಸಡಿಲವಾದರೆ ರಕ್ತ ಕೆಳಕ್ಕೆ ಹಿಮ್ಮರಳಿ ನಿಲ್ಲುತ್ತದೆ. ನಿಂತ ರಕ್ತದಿಂದ ವೃಷಣದ ಕಾವು ಏರುತ್ತದೆ. ವೀರ್ಯಾಣುಗಳ ಉತ್ಪತ್ತಿಗೆ ಮೈಯ ಕಾವಿಗಿಂತ ಎರಡು ಮೂರು ಡಿಗ್ರಿ ಕಡಿಮೆಯ ತಂಪು ಬೇಕು. ಬರುವ ಧಮನಿಯ ಬಿಸಿರಕ್ತವನ್ನು ಸುತ್ತಲಿನ ಸಿರೆಗಳ ತಂಪುರಕ್ತ ಆರಿಸುವ ಏರ್ಪಾಡು ಪ್ರಕೃತಿಯಲ್ಲಿಯೇ ಇದೆ. ಆ ಏರ್ಪಾಡು ಇಲ್ಲಿ ಕೆಡುತ್ತದೆ. ಬೇಸಗೆಯಲ್ಲಿ ೪೦ ಡಿಗ್ರಿ ಮೀರುವ ರಾಯಚೂರು ಸೀಮೆಯ ಜನ ಸಕಲ ರೋಗಗಳಿಗೂ ಮೈಯ ಉಷ್ಣವನ್ನು ದೂರುತ್ತಾರೆ. ಈ ಒಂದು ರೋಗದಲ್ಲಿ ಅವರ ಮಾತಿಗೆ ಶರೀರಶಾಸ್ತ್ರದ ಬೆಂಬಲ ಸ್ವಲ್ಪ ಇದೆ. ಆದರೆ ಆ ಉಷ್ಣ ಹೊರಗಿನ ಬಿಸಿಲಿನದಲ್ಲ, ನಿಂತ ರಕ್ತದ್ದು.

೧೯೫೨ರಲ್ಲಿ ಎಡಿನ್‌ಬರೋದ ಸೆಲ್ಬಿ ಟಲ್ಲಕ್ಕನು ವೀರ್ಯಾಣುಗಳೇ ಇಲ್ಲದಿದ್ದ ಒಬ್ಬ ರೋಗಿಯ ಸಂಗತಿಯನ್ನು ಪ್ರಕಟಿಸಿದನು. ಎರಡೂ ಕಡೆಯ ಸಿರೆಗಳನ್ನು ಕಟ್ಟಿದ ಮೇಲೆ ಅವನ ವೀರ್ಯದಲ್ಲಿ ಅಣುಗಳು ಕಾಣಿಸಿಕೊಂಡವು, ಹೆಂಡತಿ ಗರ್ಭವತಿಯಾದಳು. ಅಂದಿನಿಂದ ಈ ಶಸ್ತ್ರಕ್ರಿಯೆಯ ಉದ್ದೇಶ ಬದಲಾಯಿತು. ನೋವಿಗಾಗಿ, ಭರತಿಗಾಗಿ ಮಾಡುತ್ತಿದ್ದುದನ್ನು ಸಂತಾನಕ್ಕಾಗಿ ಮಾಡತೊಡಗಿದರು. ಅದೇ ೧೯೫೨ರಲ್ಲಿ ಭಾರತ ಸರ್ಕಾರ ಕುಟುಂಬಯೋಜನೆಯ ಕಾರ್ಯಕ್ರಮವನ್ನು ಆರಂಭಿಸಿತು. ಒಂದೆಡೆ ಗಂಡಸಿಗೆ ಮಗುವನ್ನು ಕೊಡಿಸುವ ಶಸ್ತ್ರಕ್ರಿಯೆ, ಇನ್ನೊಂದೆಡೆ ಹುಟ್ಟನ್ನು ತಡೆಯುವ ಶಸ್ತ್ರಕ್ರಿಯೆಗಳ ಯೋಜನೆ. ನಮ್ಮ ಹಳ್ಳಿಗಳಿಗೆ ಮೊದಲು ಬಂದುದು ಎರಡನೆಯದು.

೫

ಹೊಟ್ಟೆಯನ್ನು ಕೊಯ್ಯದೆ ಅದರೊಳಗನ್ನು ನೋಡುವ ಉಪಕರಣದ ಕಥೆಯನ್ನು ಇಲ್ಲಿ ಸಂಕ್ಷೇಪವಾಗಿ ಹೇಳಬೇಕಾಗಿದೆ. ೧೮೦೬ರಲ್ಲಿ ಫ್ರಾಂಕ್‌ಫರ್ಟಿನ ಬೊಟ್ಸೀನಿ ಮೇಣದ ಬತ್ತಿಯ ಬೆಳಕನ್ನು ನಳಿಗೆಯೊಳಗೆ ಹಾಯಿಸಿ ಮೈಯ ದ್ವಾರಗಳನ್ನು ನೋಡುವ ಯಂತ್ರವನ್ನು ಮಾಡಿದನು. ೧೯೦೧ರಲ್ಲಿ ಜರ್ಮನಿಯ ಕೆಲಿಂಗನು ನಾಯಿಯ ಹೊಟ್ಟೆಗೆ ಗಾಳಿ ತುಂಬಿ ನಳಿಗೆಯಿಂದ ಒಳಗನ್ನು ತೋರಿಸಿದನು. ೧೯೧೦ರಲ್ಲಿ ಸ್ಟಾಕ್‌ಹೋಮಿನ ಯಾಕೊಬೇಯುಸ್ ಮನುಷ್ಯರಲ್ಲಿ ಅದನ್ನು ಪ್ರಯೋಗಿಸಿದನು. ಗಾಳಿ ತುಂಬುವ ಸೂಜಿಗೆ ೧೯೩೮ರ ಹಂಗೆರಿಯ ವೆರೆಶ್ಶನ ಹೆಸರು, ಸ್ಫುಟವಾದ ಚಿತ್ರ ಕೊಡುವ ಗಾಜಿನ ದಂಡಗಳಿಗೆ ಇಂಗ್ಲೆಂಡಿನ ಹಾಪ್ಕಿನ್ಸನ ಹೆಸರು ಅಂಟಿಕೊಂಡಿವೆ.

ಈ ಯಂತ್ರವನ್ನು ಶಸ್ತ್ರವೈದ್ಯರು ಬಹುಕಾಲ ಆಟಿಕೆಯಂತೆ ಕಂಡರು. ಅದನ್ನು ಪಳಗಿಸಿದವರು ಸ್ತ್ರೀರೋಗತಜ್ಞರು. ಪ್ಯಾರಿಸ್ಸಿನ ಪಾಮರ್, ಇಂಗ್ಲೆಂಡಿನ ಸ್ಟೆಪ್ಟೊ, ಕೀಲ್ ನಗರದ ಕುರ್ಟ್ ಸೆಮ್ ಇವರೆಲ್ಲ ಆ ವರ್ಗದವರು. ೧೯೮೦ರಲ್ಲಿ ಸೆಮ್ಮನು ಈ ನಳಿಗೆಯ ಮೂಲಕವೇ ಅಪೆಂಡಿಕ್ಸನ್ನು ತೆಗೆದಾಗ ಶಸ್ತ್ರವೈದ್ಯರು ಅವನನ್ನು ಗದರಿಸಿದರು. ೧೯೮೫ರಲ್ಲಿ ಜರ್ಮನಿಯ ಮ್ಯೂಹೆ, ೧೯೮೭ರಲ್ಲಿ ಲಿಯಾನಿನ ಮೂರೆ ಪಿತ್ತಕೋಶವನ್ನು ಇದೇ ದಾರಿಯಲ್ಲಿ ತೆಗೆದ ಮೇಲೆ ಗದರಿಕೆ ಅಡಗಿತು. ಭಾರತದಲ್ಲಿ ೧೯೭೨ರಿಂದಲೇ ರೋಗನಿರ್ಣಯಕ್ಕೆ ಉದರದರ್ಶಕವನ್ನು ಬಳಸುತ್ತಿದ್ದ ಮುಂಬಯಿಯ ತೆಹೆಮ್‌ಟನ್ ಉದ್ವಾಡಿಯಾ ೧೯೯೦ರಲ್ಲಿ ಜೆ. ಜೆ. ಆಸ್ಪತ್ರೆಯಲ್ಲಿ ಮೊದಲ ಪಿತ್ತಕೋಶ ಶಸ್ತ್ರಕ್ರಿಯೆಯನ್ನು ಮಾಡಿದರು.

ಆದರೆ ಆ ವೇಳೆಗೆ ಉದರದರ್ಶಕ ಹಳ್ಳಿಯ ಹೆಂಗಸರಿಗೆ ಹೊಸದಾಗಿರಲಿಲ್ಲ. ತಾಲೂಕು ಆಸ್ಪತ್ರೆಗಳಲ್ಲಿ, ಶಾಲೆಯ ಕೋಣೆಗಳಲ್ಲಿ ನಡೆದ ಸಂತಾನಹರಣ ಶಿಬಿರಗಳಿಗೆ ಅದು ಅದಾಗಲೇ ಬಂದು ಕುಳಿತಿದ್ದಿತು. ೧೯೭೬–೭೭ರ ತುರ್ತುಪರಿಸ್ಥಿತಿಯ ವರ್ಷದಲ್ಲಿ ದೇಶದಲ್ಲಿ ನಡೆದ ಸುಮಾರು ೮೨ ಲಕ್ಷ ಸಂತಾನಹರಣ ಶಸ್ತ್ರಕ್ರಿಯೆಗಳಲ್ಲಿ ೬೨ ಲಕ್ಷ ಗಂಡಸರವು. ಆ ಬಲವಂತಕ್ಕೆ ರೋಸಿದ ಗಂಡಸರು ಮತದಾನದಲ್ಲಿ ಉತ್ತರ ಕೊಟ್ಟರು; ಅಂದಿನಿಂದ ಸರ್ಕಾರಗಳು ಅವರ ಗೊಡವೆಗೆ ಹೋಗಲಿಲ್ಲ. ಹೊರೆಯೆಲ್ಲ ಹೆಂಗಸರ ಮೇಲೆ ಬಿದ್ದಿತು. ಅದನ್ನು ಹೊರಿಸುವ ಕೆಲಸವನ್ನು ಶೀಘ್ರವಾಗಿ ಮಾಡಿಮುಗಿಸಲು ಉದರದರ್ಶಕ ಅನುಕೂಲವಾಯಿತು. ೨೦೧೯–೨೧ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಂತೆ ಸ್ತ್ರೀ ಸಂತಾನಹರಣವನ್ನು ಅವಲಂಬಿಸಿದ ದಂಪತಿಗಳು ನೂರಕ್ಕೆ ೩೭.೯, ಪುರುಷ ಸಂತಾನಹರಣವನ್ನು ಅವಲಂಬಿಸಿದವರು ೦.೩. ೨೦೧೪ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸಪುರದ ಬಳಿ ಒಂದು ಶಿಬಿರದಲ್ಲಿ ೮೩ ಹೆಂಗಸರಿಗೆ ಕೆಲವೇ ಗಂಟೆಗಳಲ್ಲಿ ಉದರದರ್ಶಕ ಶಸ್ತ್ರಕ್ರಿಯೆ ಮಾಡಿದರು. ಆ ದಿನಗಳ ಶಿಬಿರಗಳಿಂದ ೧೩ ಮಂದಿ ಸತ್ತರು. ಇಂತಹ ಶಿಬಿರಗಳನ್ನು ಮೂರು ವರ್ಷಗಳೊಳಗೆ ನಿಲ್ಲಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ ೨೦೧೬ರಲ್ಲಿ ಆಜ್ಞಾಪಿಸಿತು.

ಈ ಹಿನ್ನೆಲೆಯನ್ನು ಬಿಟ್ಟು ನಮ್ಮ ಶಸ್ತ್ರಕ್ರಿಯೆಯನ್ನು ಅರ್ಥಮಾಡಿಕೊಳ್ಳುವಂತಿಲ್ಲ. ಹೊಕ್ಕುಳಿನ ಬಳಿ ತೂತು, ಒಳಗೆ ಗಾಳಿ, ನಳಿಗೆ, ಬೆಳಕು ಇವೆಲ್ಲ ಎಡೆದೊರೆಯ ಹೆಂಗಸಿಗೆ ಹೆರಿಗೆಯಷ್ಟೇ ಪರಿಚಿತವಾದ ಮೇಲೆ ಗಂಡಸಿನ ಸರದಿ ಬಂದಿತು.

೬

೧೯೮೮ರಲ್ಲಿ ಸ್ಪೇನಿನ ಸಾಂಚೆಸ್ ದೆ ಬದಾಹೋಸ್ ಮತ್ತು ಸಂಗಡಿಗರು ಉದರದರ್ಶಕದಿಂದ ವೃಷಣಸಿರೆಯನ್ನು ಕಟ್ಟಿದ ವರದಿಯನ್ನು ಪ್ರಕಟಿಸಿದರು. ೧೯೯೨ರಲ್ಲಿ ಅಮೆರಿಕದ ಡೊನವನ್ ಮತ್ತು ವಿನ್‌ಫೀಲ್ಡ್ ಅದನ್ನು ಇನ್ನಷ್ಟು ಪ್ರಚಾರಕ್ಕೆ ತಂದರು. ತತ್ತ್ವ ಪಲೋಮೊನದೇ, ದಾರಿ ಮಾತ್ರ ಬೇರೆ. ರೋಗಿಗೆ ಪೂರ್ಣ ಅರಿವಳಿಕೆ ಕೊಟ್ಟು, ಹೊಟ್ಟೆಯೊಳಗೆ ಪಾದರಸದ ೧೨ರಿಂದ ೧೫ ಮಿಲಿಮೀಟರು ಒತ್ತಡದವರೆಗೆ ಇಂಗಾಲದ ಡೈಆಕ್ಸೈಡ್ ತುಂಬುತ್ತಾರೆ. ಹೊಕ್ಕುಳಿನ ಬಳಿ ೧೦ ಮಿಲಿಮೀಟರಿನ ಒಂದು ರಂಧ್ರದಿಂದ ಕ್ಯಾಮೆರಾ, ಕೆಳಹೊಟ್ಟೆಯ ೫ ಮಿಲಿಮೀಟರಿನ ಎರಡು ರಂಧ್ರಗಳಿಂದ ಇಕ್ಕುಳ ಕತ್ತರಿಗಳು ಒಳಗೆ ಹೋಗುತ್ತವೆ. ವೃಷಣದ ನಾಳಗಳು ತೊಡೆಸಂದಿನ ಒಳದ್ವಾರದ ಕಡೆಗೆ ಇಳಿಯುವಲ್ಲಿ ಉದರಪೊರೆಯನ್ನು ಸ್ವಲ್ಪ ಬಿಡಿಸಿ, ಮಿಡಿಯುವ ಧಮನಿಯನ್ನು ಗುರುತಿಸಿ ಬದಿಗಿಟ್ಟು, ಸಿರೆಗಳಿಗೆ ಲೋಹದ ಕ್ಲಿಪ್ಪುಗಳನ್ನು ಹಾಕಿ ನಡುವೆ ಕತ್ತರಿಸುತ್ತಾರೆ. ವೃಷಣದ ಚೀಲವನ್ನು ಮುಟ್ಟುವುದೇ ಇಲ್ಲ. ರೋಗಿ ಸಾಮಾನ್ಯವಾಗಿ ಮರುದಿನ ಮನೆಗೆ ಹೋಗುತ್ತಾನೆ. ಇದನ್ನು ಕನ್ನಡ ಪತ್ರಿಕೆಗಳು ಕೀಲಿರಂಧ್ರದ ಶಸ್ತ್ರಚಿಕಿತ್ಸೆ ಎನ್ನುತ್ತವೆ.

ಚೀಲವನ್ನು ಮುಟ್ಟುವುದಿಲ್ಲ ಎಂಬ ಮಾತಿಗೆ ನಮ್ಮ ಸೀಮೆಯಲ್ಲಿ ವೈದ್ಯಶಾಸ್ತ್ರ ತಿಳಿಯದ ಒಂದು ಬೆಲೆಯಿದೆ. ೧೯೭೬ರ ನೆನಪು ಮನೆಯ ಹಿರಿಯರಲ್ಲಿ ಇರುವಾಗ, ಅಲ್ಲಿ ಕೊಯ್ಯುವುದಿಲ್ಲ, ಹೊಟ್ಟೆಯ ಮೇಲೆ ಮೂರು ತೂತುಗಳಷ್ಟೇ ಎಂದರೆ ಗಂಡಸು ಒಪ್ಪುತ್ತಾನೆ. ಹೆಂಡತಿಗೆ ಆದ ಶಸ್ತ್ರಕ್ರಿಯೆಯಂತೆಯೇ ಎಂದರೆ ಅವನ ಅಂಜಿಕೆ ಮತ್ತಷ್ಟು ಇಳಿಯುತ್ತದೆ, ಅಭಿಮಾನ ಸ್ವಲ್ಪ ಕೆರಳುತ್ತದೆ.

ಆದರೆ ಹೊರಗಿನ ರಂಧ್ರ ಸಣ್ಣದಾದಷ್ಟೂ ಅದರ ಹಿಂದಿನ ಸಂಸಾರ ದೊಡ್ಡದಾಗುತ್ತದೆ. ಕ್ಯಾಮೆರಾ, ಪರದೆ, ಅನಿಲದ ಸಿಲಿಂಡರು, ನಿಲ್ಲದ ವಿದ್ಯುತ್ತು ಇವೆಲ್ಲ ಬೇಕು. ಎಲ್ಲಕ್ಕಿಂತ ಹೆಚ್ಚಾಗಿ ಅರಿವಳಿಕೆಯ ತಜ್ಞನು ಬೇಕು. ಹೈದರಾಬಾದಿನ ಆಯೋಗಗಳು ಚರ್ಚಿಸಿದ ಪ್ರಶ್ನೆ ತಾಲೂಕಿನ ಮಟ್ಟದಲ್ಲಿ ಇಂದು ಬೇರೊಂದು ರೂಪದಲ್ಲಿ ಎದುರಾಗುತ್ತದೆ; ಅರಿವಳಿಕೆಯಿಂದ ಅಪಾಯವೆಷ್ಟು ಎಂಬುದಲ್ಲ, ಅದನ್ನು ಕೊಡುವವನು ಇಂದು ಬರುತ್ತಾನೆಯೇ ಎಂಬುದು.

ರಂಧ್ರದ ಹೊಗಳಿಕೆಯಲ್ಲಿ ಇನ್ನೊಂದು ಸಂಗತಿ ಮರೆಯಾಗುತ್ತದೆ. ೧೯೮೫ರಲ್ಲಿ ಅಮೆರಿಕದ ಮಾರ್ಮರ್, ೧೯೯೨ರಲ್ಲಿ ಗೋಲ್ಡ್‌ಸ್ಟೀನ್ ಸೂಕ್ಷ್ಮದರ್ಶಕದ ಸಹಾಯದಿಂದ ತೊಡೆಸಂದಿನ ಕೆಳಗೆ ಎರಡು ಮೂರು ಸೆಂಟಿಮೀಟರು ಕೊಯ್ದು ಸಿರೆಗಳನ್ನು ಒಂದೊಂದಾಗಿ ಕಟ್ಟುವ ಕ್ರಮವನ್ನು ಬೆಳೆಸಿದರು. ಇದನ್ನು ಬೆನ್ನಿಗೆ ಕೊಡುವ ಅರಿವಳಿಕೆಯಲ್ಲಿಯೂ, ಕೆಲವೊಮ್ಮೆ ಆ ಜಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು. ರೋಗ ಮರುಕಳಿಸುವುದು, ದುಗ್ಧರಸನಾಳಗಳು ಕಡಿದು ಚೀಲದಲ್ಲಿ ನೀರು ತುಂಬುವುದು ಈ ಕ್ರಮದಲ್ಲಿಯೇ ಎಲ್ಲಕ್ಕಿಂತ ಕಡಿಮೆ. ಎರಡೂ ಕಡೆ ರೋಗವಿದ್ದರೆ ಅದೇ ಮೂರು ರಂಧ್ರಗಳಿಂದ ಕೆಲಸವಾಗುವುದು ಉದರದರ್ಶಕದ ಹೆಚ್ಚುಗಾರಿಕೆ. ಹೊಸದೆಲ್ಲ ಹಳೆಯದಕ್ಕಿಂತ ಮೇಲೆಂಬ ಊಹೆಯಿಂದ ವೈದ್ಯಚರಿತ್ರೆಯನ್ನು ಬರೆಯುವವರು ಇಲ್ಲಿ ತಡೆದು ನೋಡಬೇಕು.

ಈ ಶಸ್ತ್ರಕ್ರಿಯೆಯಿಂದ ಮಕ್ಕಳಾಗುವುದೆಷ್ಟು ನಿಜ? ೧೯೯೮ರಲ್ಲಿ ಜರ್ಮನಿಯ ನೀಶ್ಲಾಗ್ ಮತ್ತು ಸಂಗಡಿಗರು, ಸಿರೆಯನ್ನು ಮುಚ್ಚಿಸಿಕೊಂಡವರ ಮತ್ತು ಬರಿಯ ಸಲಹೆ ಪಡೆದವರ ಹೆಂಡತಿಯರಲ್ಲಿ ಗರ್ಭಧಾರಣೆಯ ಪ್ರಮಾಣ ಒಂದೇ ತೆರನಾಗಿತ್ತೆಂದು ತೋರಿಸಿದರು. ೨೦೧೧ರಲ್ಲಿ ಅಬ್ದೆಲ್ ಮೆಗೂಯಿದ್ ಮತ್ತು ಸಂಗಡಿಗರು ೧೪೫ ಗಂಡಸರನ್ನು ಎರಡು ಪಂಗಡ ಮಾಡಿ ನೋಡಿದಾಗ, ಸೂಕ್ಷ್ಮದರ್ಶಕದ ಶಸ್ತ್ರಕ್ರಿಯೆಯಾದವರಲ್ಲಿ ನೂರಕ್ಕೆ ೩೨.೯, ಆಗದವರಲ್ಲಿ ೧೩.೯ ಮಂದಿಯ ಹೆಂಡತಿಯರು ಗರ್ಭವತಿಯರಾದರು. ಕೈಗೆ ಸಿಕ್ಕುವಷ್ಟು ಊದಿದ ಸಿರೆ, ಕೆಟ್ಟ ವೀರ್ಯ, ಮಕ್ಕಳ ಬಯಕೆ ಈ ಮೂರೂ ಕೂಡಿದಲ್ಲಿ ಮಾತ್ರ ಶಸ್ತ್ರಕ್ರಿಯೆಯನ್ನು ಯೋಚಿಸಬೇಕು. ಕೈಗೆ ಸಿಕ್ಕದೆ ಸ್ಕ್ಯಾನಿಂಗಿನಲ್ಲಿ ಮಾತ್ರ ಕಂಡ ಸಿರೆಗೆ ಕತ್ತರಿ ಹಾಕಬಾರದು ಎಂಬುದು ಇಂದಿನ ತಜ್ಞರ ನಿಲುವು. ಡಾಪ್ಲರ್ ಪರೀಕ್ಷೆಯ ಒಂದು ಚೀಟಿಯನ್ನು ಹಿಡಿದುಕೊಂಡು ಸಾಲಮಾಡಿ ಆಸ್ಪತ್ರೆ ಸೇರುವವನಿಗೆ ಈ ಭೇದವನ್ನು ತಿಳಿಸಿ ಹೇಳುವವರು ಬೇಕು.

೭

ತುಂಗಭದ್ರೆಯ ನೀರು ೧೯೫೩ರಲ್ಲಿ ಕಾಲುವೆಗೆ ಹರಿದ ಮೇಲೆ ಸಿಂಧನೂರಿನ ಸುತ್ತ ಆಂಧ್ರದಿಂದ ಬಂದ ಬೇಸಾಯಗಾರರ ಕ್ಯಾಂಪುಗಳು ಹುಟ್ಟಿದವು. ಪೂರ್ವಬಂಗಾಳದ ನಿರಾಶ್ರಿತರ ಕ್ಯಾಂಪುಗಳೂ ಬಂದವು. ಬತ್ತದ ಹಣ ಗಿರಣಿಗಳಾಗಿ, ಆಮೇಲೆ ನರ್ಸಿಂಗ್ ಹೋಮುಗಳಾಗಿ ಪೇಟೆಯಲ್ಲಿ ನೆಲೆಸಿತು. ಮಸ್ಕಿ ಲಿಂಗಸುಗೂರು ತಾಲೂಕಿನಿಂದ ಬೇರೆಯಾಗಿ ಈಚೆಗೆ ತಾನೇ ತಾಲೂಕಾಯಿತು. ಲಿಂಗಸುಗೂರು ತಾಲೂಕಿನ ಹಟ್ಟಿಯಲ್ಲಿ ಚಿನ್ನದ ಗಣಿ ಕೆಲಸ ಮಾಡುತ್ತಿದೆ. ಒಂದೇ ಹೆದ್ದಾರಿಯ ಮೇಲಿನ ಈ ಊರುಗಳಲ್ಲಿ ರೋಗಿಯ ದಾರಿ ಕಾಲಕಾಲಕ್ಕೆ ದಿಕ್ಕು ಬದಲಿಸಿದೆ. ನಿಜಾಮನ ಕಾಲದಲ್ಲಿ ದೊಡ್ಡ ಆಸ್ಪತ್ರೆಯೆಂದರೆ ಹೈದರಾಬಾದು. ೧೯೫೬ರಲ್ಲಿ ರಾಯಚೂರು ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿದ ಮೇಲೆ, ೧೯೫೭ರಲ್ಲಿ ಹುಬ್ಬಳ್ಳಿ, ೧೯೬೧ರಲ್ಲಿ ಬಳ್ಳಾರಿ, ೧೯೬೩ರಲ್ಲಿ ಕಲಬುರಗಿಯ ವೈದ್ಯಕಾಲೇಜುಗಳು ತೆರೆದವು. ರಾಯಚೂರಿನಲ್ಲಿ ಸರ್ಕಾರದ ವೈದ್ಯವಿಜ್ಞಾನ ಸಂಸ್ಥೆ ಆರಂಭವಾದುದು ೨೦೦೭ರಲ್ಲಿ. ಸಿಂಧನೂರಿಗೆ ರೈಲು ಬಂದುದು ೨೦೨೪ರಲ್ಲಿ. ಅದಕ್ಕೆ ಮುಂಚೆ ಎಲ್ಲ ಪಯಣವೂ ಬಸ್ಸಿನಲ್ಲಿಯೇ.

ಸಹಕಾರ ಸಂಘದ ರೈತರಿಗಾಗಿ ೨೦೦೩ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆ ತಿಂಗಳಿಗೆ ೫ ರೂಪಾಯಿಯ ವಂತಿಗೆಯಿಂದ ಶಸ್ತ್ರಚಿಕಿತ್ಸೆಯನ್ನು ಖಾಸಗಿ ಆಸ್ಪತ್ರೆಯಲ್ಲಿ ಪಡೆಯುವ ದಾರಿಯನ್ನು ತೋರಿಸಿತು. ಶಸ್ತ್ರಚಿಕಿತ್ಸೆಯೆಂದರೆ ಎತ್ತು ಮಾರುವುದು ಎಂಬ ಸ್ಥಿತಿಯಲ್ಲಿದ್ದ ರೈತನಿಗೆ ಅದು ಸಣ್ಣ ಮಾತಲ್ಲ. ಆದರೂ ಕೂಲಿಯವನ ಲೆಕ್ಕದಲ್ಲಿ ಆಸ್ಪತ್ರೆಯ ಬಿಲ್ಲಿಗಿಂತ ಕೆಲಸ ತಪ್ಪಿದ ದಿನಗಳ ಭಾರ ಹೆಚ್ಚು. ಬತ್ತ ನಾಟಿಯ, ಕೊಯ್ಲಿನ ದಿನಗಳಲ್ಲಿ ಭಾರವೆತ್ತಬೇಡವೆಂದು ವೈದ್ಯನು ಹೇಳಿದರೆ ಅವನು ತಲೆಯಾಡಿಸಿ ಸುಗ್ಗಿ ಮುಗಿಯುವವರೆಗೆ ಬರುವುದೇ ಇಲ್ಲ.

ನಮ್ಮ ಅಭಿಪ್ರಾಯದಲ್ಲಿ ಈ ಶಸ್ತ್ರಚಿಕಿತ್ಸೆ ಎಡೆದೊರೆಗೆ ತಂದ ಹೆಚ್ಚಿನ ಬದಲಾವಣೆ ರಂಧ್ರದ ಗಾತ್ರಕ್ಕೆ ಸೇರಿದುದಲ್ಲ. ಇದನ್ನು ಮಾಡಬೇಕಾದರೆ ಗಂಡನ ವೀರ್ಯವನ್ನು ಮೊದಲು ಪರೀಕ್ಷಿಸಲೇಬೇಕು. ಒಂದು ಶೀಶೆ, ಒಂದು ಸೂಕ್ಷ್ಮದರ್ಶಕ ಇದ್ದರೆ ಆಗುವ ಈ ಪರೀಕ್ಷೆ ಹೆಂಡತಿಗೆ ಮಾಡುವ ಪರೀಕ್ಷೆಗಳೆಲ್ಲಕ್ಕಿಂತ ಸುಲಭ, ಅಗ್ಗ, ನೋವಿಲ್ಲದ್ದು. ಮಾಡಿಸುವ ಕ್ರಮದಲ್ಲಿ ಮಾತ್ರ ಅದು ಬಹುಕಾಲ ಕೊನೆಯದಾಗಿಯೇ ಉಳಿಯಿತು. ಗಂಡಸಿನಲ್ಲಿ ಗುಣಪಡಿಸಬಹುದಾದ ದೋಷವೊಂದು ಇರಬಹುದೆಂದು ತಿಳಿದ ಮೇಲೆ ಅವನು ಶೀಶೆಯನ್ನು ಕೈಗೆ ತೆಗೆದುಕೊಳ್ಳಲು ಒಪ್ಪಿದನು. ಪರಿಹಾರವಿಲ್ಲದ ದೋಷವಾಗಿದ್ದರೆ ಅವನು ಒಪ್ಪುತ್ತಿದ್ದನೆಂದು ತೋರುವುದಿಲ್ಲ. ಶಸ್ತ್ರಕ್ರಿಯೆ ಫಲಿಸದ ಮನೆಗಳಲ್ಲಿಯೂ ಆ ಚೀಟಿ ಉಳಿಯುತ್ತದೆ; ಅದರ ಮೇಲಿರುವುದು ಗಂಡನ ಹೆಸರು.

ವೀರ್ಯಾಣುವೊಂದು ಹುಟ್ಟಿ ಬೆಳೆಯಲು ಸುಮಾರು ೭೪ ದಿನಗಳು ಹಿಡಿಯುತ್ತವೆ. ಅದರಿಂದ ಶಸ್ತ್ರಕ್ರಿಯೆಯಾದ ಮೂರು ತಿಂಗಳ ಅನಂತರ ಮತ್ತೆ ಪರೀಕ್ಷೆ ಮಾಡಿಸಬೇಕು. ಈ ಮೂರು ತಿಂಗಳಲ್ಲಿ ಅತ್ತೆಮನೆಯಲ್ಲಿ ಸೊಸೆಗೆ ಸಿಕ್ಕುವ ಬಿಡುವು ಯಾವ ವೈದ್ಯಪತ್ರಿಕೆಯಲ್ಲಿಯೂ ಲೆಕ್ಕಕ್ಕೆ ಬಂದುದಿಲ್ಲ.

ಇದನ್ನು ಮುಂದುವರಿಸಬಯಸುವ ಸಂಶೋಧಕರಿಗೆ ಸಾಮಗ್ರಿ ದೂರದಲ್ಲಿಲ್ಲ. ಪ್ರತಿ ಆಸ್ಪತ್ರೆಯಲ್ಲಿಯೂ ಶಸ್ತ್ರಕ್ರಿಯೆಗಳ ದಾಖಲೆಪುಸ್ತಕವಿರುತ್ತದೆ: ತಾರೀಖು, ವಯಸ್ಸು, ಗಂಡು ಅಥವಾ ಹೆಣ್ಣು, ಊರು, ರೋಗ, ಅರಿವಳಿಕೆಯ ಬಗೆ. ರೋಗಿಯ ಹೆಸರನ್ನು ಮುಚ್ಚಿಟ್ಟು, ಆಸ್ಪತ್ರೆಯ ಅನುಮತಿ ಪಡೆದು, ಮೂರು ಊರುಗಳ ೧೯೮೦ರಿಂದೀಚಿನ ಪುಸ್ತಕಗಳಲ್ಲಿ ಉದರದರ್ಶಕದ ಪುಟಗಳನ್ನು ಮಾತ್ರ ಎಣಿಸಿದರೂ ಸಾಕು. ಹೆಣ್ಣು ಎಂಬ ಕಲಮಿನಲ್ಲಿ ವರ್ಷಗಟ್ಟಲೆ ಇಳಿದುಬಂದ ಸಾಲಿನಲ್ಲಿ ಗಂಡು ಎಂಬ ಬರಹ ಮೊದಲು ಎಲ್ಲಿ ಕಾಣಿಸುತ್ತದೆ, ಅವನ ಊರು ಯಾವುದು, ಅವನು ಬಂದುದು ಭರತಿಗಾಗಿಯೋ ಮಗುವಿಗಾಗಿಯೋ ಎಂಬುದನ್ನು ಅಲ್ಲಿ ನೋಡಬೇಕು.